ಕಾಕಾ ಕೇಳಿದ ಪೈಪಿನ ಪ್ರಶ್ನೆ

ಏಪ್ರಿಲ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ, ಮುಗಿದ ವಾರವೇ ತಿಕೋಟಾದ ನಮ್ಮ ಕಾಕಾನಿಗೆ ಎಡ ಪಕ್ಕೆಯಲ್ಲಿ ನೋವು ಶುರುವಾಯಿತು. ದ್ರಾಕ್ಷಿ ಪಡದಲ್ಲಿ ಬೆಳಗಿನಿಂದ ಬಿಸಿಲು, ಮಧ್ಯಾಹ್ನದವರೆಗೆ ಎರಡು ಲೋಟ ನೀರು. ಹೀಗಿದ್ದರೆ ಕಿಡ್ನಿಯಲ್ಲಿ ಕಲ್ಲಾಗದೆ ಇನ್ನೇನು? ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ಹದಿನೈದು ದಿನ ನುಂಗಿದ. ಯಾರಿಗೂ ಹೇಳಲಿಲ್ಲ.

ವಿಜಯಪುರದಲ್ಲಿ ಸ್ಕ್ಯಾನ್ ಮಾಡಿಸಿದಾಗ ಕಲ್ಲು 2.3 ಸೆಂಟಿಮೀಟರ್ ಇತ್ತು. ಅದಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ರಕ್ತದ ರಿಪೋರ್ಟಿನ ಕ್ರಿಯಾಟಿನಿನ್: 1.6. ಕಿಡ್ನಿ ಸೋತಷ್ಟೂ ಏರುವ ಅಂಕಿ ಅದು. ಕಿಡ್ನಿ ಮೊದಲೇ ಸ್ವಲ್ಪ ಸೋತಿತ್ತು. ಡಾಕ್ಟರ್ ಮೊದಲು ಹೇಳಿದ್ದೇ ಗುಳಿಗೆ ಬಿಡಿ ಅಂತ. ಆ ನೋವಿನ ಗುಳಿಗೆಗಳೂ ಕಿಡ್ನಿಗೆ ಪೆಟ್ಟು ಕೊಡುತ್ತವಂತೆ.

ನಾನು ಹಿಂದಿನ ರಾತ್ರಿ ಮೊಬೈಲ್‌ನಲ್ಲಿ ಒಂದಿಷ್ಟು ಓದಿಕೊಂಡು ಹೋಗಿದ್ದೆ. ಮಾಸ್ತರಿಕೆಯ ಚಟ, ಏನು ಮಾಡೋದು! ತೂತೇ ಹಾಕದೆ ಮೂತ್ರದ ದಾರಿಯಿಂದಲೇ ಹೋಗಿ ಲೇಸರ್‌ನಿಂದ ಪುಡಿ ಮಾಡುತ್ತಾರಲ್ಲ, ಅದೇ ಮಾಡಿ ಅಂದೆ. ಆಗುತ್ತದೆ, ಆದರೆ ಕಲ್ಲು ಎರಡು ಸೆಂಟಿಮೀಟರ್ ದಾಟಿದೆ, ಎರಡು ಸಲ ಮಲಗಿಸಬೇಕಾಗಬಹುದು ಅಂದರು. ಇಂಥ ಕಲ್ಲಿಗೆ ಬೆನ್ನಿನ ಕಡೆಯಿಂದ ತೂತು ಹಾಕಿ ತೆಗೆಯುವುದೇ ವಾಸಿಯಂತೆ.

ಆಮೇಲೆ ಡ್ರಾಯರ್ ತೆಗೆದು ಆ ತೂತಿನಲ್ಲಿ ಕೂರಿಸುವ ಎರಡು ನಳಿಗೆ ಟೇಬಲ್ ಮೇಲಿಟ್ಟರು. ಒಂದು ಪ್ಲಾಸ್ಟಿಕ್, ಒಂದು ಸ್ಟೀಲ್. ಇವಕ್ಕೆ ಫ್ರೆಂಚ್ ಅಂತ ಅಳತೆ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ದಪ್ಪನೆಯದು 30 ಫ್ರೆಂಚ್, ಅಂದರೆ ಒಂದು ಸೆಂಟಿಮೀಟರ್ ಅಗಲ. ಸಣ್ಣದು 18, ಅಂದರೆ ಆರು ಮಿಲಿಮೀಟರ್. ಕಾಕಾ ದಪ್ಪ ನಳಿಗೆಗೆ ಕಿರುಬೆರಳು ಹಾಕಿ ನೋಡಿದ. ಉಗುರಿನ ತನಕ ಹೋಗಿ ಸಿಕ್ಕಿಕೊಂಡಿತು.

"ಕಿಡ್ನಿ ಅಂದ್ರ ರಕ್ತದ ಗಂಟು. ತೂತು ದೊಡ್ಡದಾದಷ್ಟು ರಕ್ತ ಜಾಸ್ತಿ ಹೋಗ್ತದ, ಒಳಗಿನ ಮಾಂಸಕ್ಕೂ ಪೆಟ್ಟು ಜಾಸ್ತಿ" ಅಂದರು ಡಾಕ್ಟರ್.

ಹಾಗಾದರೆ ಸಣ್ಣದೇ ಒಳ್ಳೇದು, ಮುಗೀತು ಅಂದುಕೊಂಡೆ. ಕಾಕಾ ಹಂಗೆ ಬಿಡುವವನಲ್ಲ. ಇಪ್ಪತ್ತು ವರ್ಷ ಡ್ರಿಪ್ ಲೈನ್ ಹಿಂದೆ ತಿರುಗಿದವನು.

"ಸಾಹೇಬ್ರ, ಕಲ್ಲು ಒಡಿಯೂವಾಗ ನೀರು ಬಿಡ್ತೀರೇನ್ರಿ?"

"ಬಿಡ್ತೀವ್ರಿ ಕಾಕಾ. ಸಲೈನ್. ಇಲ್ಲಾಂದ್ರ ಒಳಗ ಏನೂ ಕಾಣಂಗಿಲ್ಲ."

"ಪೈಪ್ ಸಣ್ಣದಾದ್ರ ಆ ನೀರು ವಾಪಸ್ ಎಲ್ಲಿಂದ ಬರ್ತದ್ರಿ? ಪ್ರೆಶರ್ ಏರೂದಿಲ್ಲೇನ್ರಿ?"

ಡಾಕ್ಟರ್ ಪೆನ್ನು ಕೆಳಗಿಟ್ಟರು. ಆಮೇಲೆ ಹತ್ತು ನಿಮಿಷ ಅವರು ಮಾತಾಡಿದ್ದು ಕಾಕಾನ ಜೊತೆಗೇ. ನಾನು ಸುಮ್ನೆ ಕೂತಿದ್ದೆ.

ನೀರು ಒಳಗೆ ಹೋಗುವುದು ದುರ್ಬೀನಿನ ಮೂಲಕ, ಅಂದರೆ ನಳಿಗೆಯೊಳಗೆ ತೂರಿಸಿ ಕಿಡ್ನಿ ನೋಡುವ ಸಣ್ಣ ಕೊಳವೆ. ಹೊರಗೆ ಬರುವುದು ದುರ್ಬೀನಿಗೂ ನಳಿಗೆಗೂ ನಡುವೆ ಉಳಿದ ಸಂದಿಯಿಂದ. ನಳಿಗೆ ಸಣ್ಣದಾದರೆ ಸಂದಿಯೂ ಸಣ್ಣದು. ಒಳಗಿನ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 30 ಮಿಲಿಮೀಟರ್ ದಾಟಿದರೆ ನೀರು ಹಿಮ್ಮುಖವಾಗಿ ರಕ್ತಕ್ಕೇ ನುಗ್ಗಬಹುದು. ಮೂತ್ರದಲ್ಲಿ ಸೋಂಕಿದ್ದರೆ ಅದೂ ನೀರಿನ ಜೊತೆ ರಕ್ತ ಸೇರುತ್ತದೆ. ಕಿಡ್ನಿ ಕೆಡಲು ಅದೂ ಒಂದು ದಾರಿ. ಸಣ್ಣ ನಳಿಗೆಯಲ್ಲಿ ಕಲ್ಲನ್ನು ಇನ್ನೂ ಚೂರು ಮಾಡಿ ತೆಗೆಯಬೇಕು, ಹೊತ್ತೂ ಜಾಸ್ತಿ. ಮೂತ್ರದ ದಾರಿಯಿಂದ ಹೋದರೂ ಇದೇ ಫಜೀತಿ, ಅಲ್ಲಿಯೂ ನೀರಿಗೆ ಹೊರದಾರಿ ಬೇಕು.

ಕೊನೆಗೆ 18 ಫ್ರೆಂಚ್ ಅಂತಾಯಿತು. ರಕ್ತ ಜಾಸ್ತಿ ಹೋದರೆ ಈ ಕಿಡ್ನಿ ತಡೆಯಲ್ಲ, ಅದಕ್ಕೆ ಸಣ್ಣದು. ಆದರೆ ಪಂಪ್ ಕಡಿಮೆ ಒತ್ತಡದಲ್ಲೇ ಇಡುವುದು. ಮೂತ್ರದ ಕಲ್ಚರ್, ಅಂದರೆ ಸೋಂಕಿನ ಪರೀಕ್ಷೆಯ ರಿಪೋರ್ಟ್, ಮೊದಲು ಬರಬೇಕು. ಬಂತು, ಸೋಂಕಿತ್ತು. ಒಂದು ವಾರ ಆ್ಯಂಟಿಬಯೋಟಿಕ್ ಆದಮೇಲೆಯೇ ಆಪರೇಷನ್.

ಆಪರೇಷನ್ ಬಗ್ಗೆ ಹೇಳುವಂಥದ್ದೇನಿಲ್ಲ. ನಾನು ಹೊರಗೆ ಚಹಾ ಕುಡಿದೆ, ಕಾಕಿ ಜಪ ಮಾಡಿದಳು. ರಕ್ತ ಕೊಡುವ ಪ್ರಸಂಗ ಬರಲಿಲ್ಲ.

ಮರುದಿನ ಕ್ರಿಯಾಟಿನಿನ್ 1.9. ನನ್ನ ಎದೆ ಧಸಕ್ ಅಂತು. ಎರಡು ದಿನದೊಳಗೆ 0.3 ಏರಿದರೂ ಅದನ್ನು ಕಿಡ್ನಿಗೆ ಬಿದ್ದ ಪೆಟ್ಟು ಅಂತಲೇ ಲೆಕ್ಕ ಹಿಡಿಯುತ್ತಾರೆ. ಡಾಕ್ಟರ್ ಅದನ್ನು ಮುಚ್ಚಿಡಲಿಲ್ಲ. ಎಷ್ಟೋ ಜನರಿಗೆ ಇಳಿಯುತ್ತದೆ, ನೋಡೋಣ ಅಂದರು. ಮೂತ್ರದ ಚೀಲ ಎಷ್ಟು ತುಂಬಿತು ಅಂತ ಗಂಟೆಗೊಮ್ಮೆ ಹಾಳೆಯಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಕೆಂಪು, ಆಮೇಲೆ ಗುಲಾಬಿ, ಮೂರನೇ ದಿನಕ್ಕೆ ಹಳದಿ. ನಾಲ್ಕನೇ ದಿನ ರಿಪೋರ್ಟ್ ಮತ್ತೆ 1.6ಕ್ಕೆ ಬಂತು.

ನಮ್ಮ ಅಜ್ಜನಿಗೂ ಕಲ್ಲಾಗಿತ್ತು. ಅವನ ಪಕ್ಕೆಯಲ್ಲಿ ಒಂದು ಗೇಣು ಹೊಲಿಗೆ ಗುರುತು, ಜರಿಹುಳ ಹರಿದಾಡಿದಂತೆ. ಕಾಕಾನ ಬೆನ್ನಿನ ಗುರುತು ಹುಡುಕಿದರೆ ಸಿಗುತ್ತದೆ, ಅಷ್ಟೇ.

ಕಲ್ಲಿನ ಚೂರುಗಳಲ್ಲಿ ಕೆಲವನ್ನು ಪರೀಕ್ಷೆಗೆ ಕಳಿಸಿದರು. ಉಳಿದವನ್ನು ಕಾಕಾ ಒಂದು ಸಣ್ಣ ಬಾಟಲಿಯಲ್ಲಿ ಕೇಳಿ ತಂದಿದ್ದಾನೆ. ಮನೆಗೆ ಬಂದವರ ಮುಂದೆ ಅಂಗೈಗೆ ಸುರುವಿ, "ಜ್ವಾಳದ ದಂಟಿನಷ್ಟು ಪೈಪಿನ್ಯಾಗ ಬಂದಾವ ನೋಡ್ರಿ" ಅನ್ನುತ್ತಾನೆ. ಕಾಕಿ ಅದನ್ನು ಎರಡು ಸಲ ತಿಪ್ಪೆಗೆ ಎಸೆಯಲು ನೋಡಿದ್ದಾಳೆ. ಈಗ ಅದು ಪಡದ ಪಂಪ್‌ಹೌಸಿನಲ್ಲಿದೆ, ಪ್ರೆಶರ್ ಮೀಟರಿನ ಪಕ್ಕದ ಗೂಡಿನಲ್ಲಿ. ಅದರ ಬದಿಗೇ ನೀರಿನ ಕ್ಯಾನ್.