ಸಂಸ್ಥೆ ಯಾಕೆ ಬಿಟ್ಟೆ ಅಂತ ಕೇಳುವವರಿಗೆ

"ನೀವೇ ಕಟ್ಟಿದ ಸಂಸ್ಥೆ, ಯಾಕೆ ಮೇಡಂ ಬಿಟ್ರಿ?"

ಫೋನಿನಲ್ಲಿ ಕೇಳುತ್ತಾರೆ, ಲಿಫ್ಟಿನಲ್ಲಿ ಕೇಳುತ್ತಾರೆ, ಯಾರದೋ ಮೀಟಿಂಗ್ ಮುಗಿಸಿ ಎದ್ದು ಹೊರಟಾಗ ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿದೆ. ಒಂದು ಸಲ ಬರೆದುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಬಸುರಿಯರಿಗೆ, ಬಾಣಂತಿಯರಿಗೆ ಬರುವ ಮನಸ್ಸಿನ ಕಾಯಿಲೆಗಳ ಬಗ್ಗೆ ಕೆಲಸ ಮಾಡುವ ಸಂಸ್ಥೆಯೊಂದನ್ನು ನಾನು ಶುರು ಮಾಡಿದೆ. ಸಹಾಯವಾಣಿ ಇದೆ, ನರ್ಸುಗಳಿಗೆ ತರಬೇತಿ ಇದೆ. ಹೆರಿಗೆಯಾದ ಪ್ರತಿ ಹೆಂಗಸಿನ ಮನಸ್ಸಿನ ತಪಾಸಣೆಯೂ ಆಗಬೇಕು ಅಂತ ಅಧಿಕಾರಿಗಳ ಹಿಂದೆ ಓಡಾಡುವ ಕೆಲಸ ಇದೆ. ಈಚೆಗೆ ನಾನು ನಿರ್ದೇಶಕಿ ಕೆಲಸ ಬಿಟ್ಟೆ, ಟ್ರಸ್ಟಿನಿಂದಲೂ ಹೊರಗೆ ಬಂದೆ. ಸಂಸ್ಥೆ ಚೆನ್ನಾಗಿ ನಡೆಯುತ್ತಿದೆ.

ಮೊದಲು ಸಣ್ಣ ಉತ್ತರಗಳು. ಜಗಳ ಆಗಿಲ್ಲ. ದುಡ್ಡಿನ ರಗಳೆ ಏನೂ ಇಲ್ಲ, ಲೆಕ್ಕ ಆಡಿಟ್ ಆಗಿದೆ. ಹೆರಿಗೆಯಾದ ಮೇಲೆ ನನಗೂ ಇಂಥದೇ ಕಾಯಿಲೆ ಬಂದಿತ್ತು, ಅದು ವಾಪಸು ಬಂದಿಲ್ಲ. ಇದನ್ನು ಮಾತ್ರ ಎಲ್ಲರೂ ದನಿ ತಗ್ಗಿಸಿ ಕೇಳುತ್ತಾರೆ. ಬಂದಿದ್ದರೂ ಪಿಸುಗುಡುವಂಥದ್ದು ಏನಿದೆ? ಡಾಕ್ಟರ ಹತ್ತಿರ ಹೋಗುತ್ತಿದ್ದೆ, ಅಷ್ಟೇ. ಗಂಡನ ಒತ್ತಾಯವೂ ಇಲ್ಲ. ನಾನು ಬಿಡುತ್ತೇನೆ ಅಂದಾಗ ಆ ಮನುಷ್ಯ ಕೇಳಿದ್ದು ಒಂದೇ: "ಹಾಗಾದ್ರೆ ನನ್ನ ಟೇಬಲ್ ಮೇಲಿರೋ ನಿನ್ನ ಫೈಲುಗಳನ್ನ ಯಾವಾಗ ತಗೊಂಡು ಹೋಗ್ತಾರೆ?"

ಇಷ್ಟಕ್ಕೆ ಮುಗಿದರೆ ನನಗೇನೂ ಬೇಜಾರಿಲ್ಲ. ಆದರೆ ಇದಾದ ಮೇಲೆ ಒಂದು ಮಾತು ಬಂದೇ ಬರುತ್ತದೆ. "ಹೆತ್ತ ಮಗುವನ್ನೇ ಬಿಟ್ಟು ಬಂದ ಹಾಗಲ್ವಾ?"

ಈ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತದೆ. ಬೇರೆ ಯಾವ ಸಂಸ್ಥೆಯ ಬಗ್ಗೆ ಹೇಳಿದ್ದರೂ ಸುಮ್ನೆ ಇರುತ್ತಿದ್ದೆ. ನಮ್ಮ ಸಹಾಯವಾಣಿಗೆ ಫೋನ್ ಮಾಡುವವರು ಇಂಥ ಮಾತು ಕೇಳಿ ಕೇಳಿಯೇ ಅರ್ಧ ಸತ್ತಿರುತ್ತಾರೆ. ಒಂದು ರಾತ್ರಿ ಮಗುವನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ, ನಾನು ಮಲಗಬೇಕು ಅಂದರೆ "ಎಂಥ ತಾಯಿ ನೀನು" ಅನ್ನುತ್ತಾರೆ. ಮಾತ್ರೆ ತಗೊಂಡರೆ ಹಾಗೇ. ಹಾಲು ಬರದೆ ಬಾಟಲಿ ಹಿಡಿದರೆ ಹಾಗೇ. ಕೆಲಸಕ್ಕೆ ವಾಪಸು ಹೊರಟರೆ ಇನ್ನೂ ಜಾಸ್ತಿ. ಆ ಪಾಪಪ್ರಜ್ಞೆಯನ್ನು ಕಳೆಯಲು ಒಂದು ಸಂಸ್ಥೆ ಕಟ್ಟಿದೆ. ಈಗ ಅದನ್ನು ಬಿಟ್ಟಿದ್ದಕ್ಕೆ ಅದೇ ಮಾತು ತಂದು ನನ್ನ ಮೇಲೇ ಹಾಕುತ್ತಾರೆ. ಗಂಡಸೊಬ್ಬ ತಾನು ಶುರು ಮಾಡಿದ ಸಂಸ್ಥೆ ಬಿಟ್ಟರೆ "ಜವಾಬ್ದಾರಿ ವಹಿಸಿಕೊಟ್ಟರು" ಅಂತ ಹಾರ ಹಾಕುತ್ತಾರೆ. ಮಗು ಬಿಟ್ಟು ಹೋದ ಅಂತ ಅವನಿಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಸರಿ, ನಿಜವಾದ ಕಾರಣಕ್ಕೆ ಬರುತ್ತೇನೆ.

ನನ್ನ ಕಥೆಯನ್ನು ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದೀರಿ. ಮಗಳು ಹುಟ್ಟಿದ ಮೇಲೆ ತಿಂಗಳುಗಟ್ಟಲೆ ಅತ್ತೆ. ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು ಅತ್ತೆ. ಅದನ್ನು ವೇದಿಕೆ ಮೇಲೆ ಹೇಳಿದೆ, ಪೇಪರಿನಲ್ಲಿ ಬಂತು, ಸಂಸ್ಥೆಯ ಕರಪತ್ರದಲ್ಲಿ ಅಚ್ಚಾಯಿತು, ವಿಡಿಯೋ ಆಯಿತು. ಕೇಳಿದವರು ಕಣ್ಣು ಒರೆಸಿಕೊಂಡರು, ದೇಣಿಗೆ ಕೊಟ್ಟರು. ಯಾರೂ ಬಾಯಿ ಬಿಡದ ಕಾಲದಲ್ಲಿ ಒಬ್ಬಳು ಹೇಳಲೇಬೇಕಿತ್ತು. ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಒಂದು ಸಂಜೆ ಸಹಾಯವಾಣಿಯಲ್ಲಿ ನಾನೇ ಕೂತಿದ್ದೆ. ಫೋನ್ ಬಂತು. ಹಿಂದೆ ಮಗು ಕಿರುಚುತ್ತಿದೆ. ಆಕೆಯ ದನಿ ಮಾತ್ರ ಒಣಗಿದ ಹಾಗಿತ್ತು. "ಮೇಡಂ, ನಿಮ್ಮ ವಿಡಿಯೋ ನೋಡ್ದೆ. ನಂಗೆ ನಿಮ್ಮ ಹಾಗೆ ಅಳು ಬರಲ್ಲ. ಸಿಟ್ಟು ಬರುತ್ತೆ. ಈಗಷ್ಟೇ ಹಾಲಿನ ಬಾಟ್ಲಿ ಎತ್ತಿ ಗೋಡೆಗೆ ಒಗೆದೆ. ಹಾಗಾದ್ರೆ ನಂದು ಕಾಯಿಲೆ ಅಲ್ಲ ಅಲ್ವಾ? ನಾನೇ ಸರಿ ಇಲ್ಲ, ಅಲ್ವಾ?"

ಆಕೆಗೆ ಬಂದಿದ್ದು ಕಾಯಿಲೆಯೇ. ಖಿನ್ನತೆ ಕೆಲವರಲ್ಲಿ ಸಿಟ್ಟಾಗಿ ಹೊರಗೆ ಬರುತ್ತದೆ. ಎಡಿನ್‌ಬರ್ಗ್ ಸ್ಕೇಲ್ ಅಂತ, ಬಾಣಂತಿಯರ ಖಿನ್ನತೆ ಪತ್ತೆ ಮಾಡುವ ಒಂದು ಪ್ರಶ್ನೆಪಟ್ಟಿ ಇದೆ. 1987ರಲ್ಲಿ ಕಾಕ್ಸ್, ಹೋಲ್ಡನ್, ಸಗೋವ್‌ಸ್ಕಿ ಎಂಬ ಮೂವರು ಪ್ರಕಟಿಸಿದ್ದು, ಇವತ್ತಿಗೂ ಜಗತ್ತಿನ ತುಂಬ ಬಳಕೆಯಲ್ಲಿದೆ. ಕಳೆದ 7 ದಿನ ಹೇಗಿದ್ದೆ ಅಂತ 10 ಪ್ರಶ್ನೆ, ಒಟ್ಟು 30 ಅಂಕ. ನಗು ಬರುತ್ತಿದೆಯಾ, ಕಾರಣ ಇಲ್ಲದೆ ಭಯ ಆಗುತ್ತಾ, ಸುಮ್ನೆ ನಿನ್ನನ್ನೇ ಬೈದುಕೊಳ್ಳುತ್ತೀಯಾ ಅಂತೆಲ್ಲ ಕೇಳುತ್ತದೆ. ಆ 10ರಲ್ಲಿ ಅಳುವಿನ ಬಗ್ಗೆ ಇರುವುದು ಒಂದೇ ಪ್ರಶ್ನೆ. ಆದರೆ ನಮ್ಮ ಸಂಸ್ಥೆಯ ಹೆಸರು ಹೇಳಿದರೆ ಜನಕ್ಕೆ ನೆನಪಾಗುತ್ತಿದ್ದುದು ಅಳುವ ನಾನು ಮಾತ್ರ.

ಹೆರಿಗೆಯಾದ ಮೊದಲ ವಾರದಲ್ಲಿ ಎಷ್ಟೋ ಜನರಿಗೆ ಸುಮ್ನೆ ಅಳು ಬರುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹೋಗದೆ ಉಳಿದರೆ ಡಾಕ್ಟರಿಗೆ ತೋರಿಸಬೇಕು. ಇನ್ನು ಕೆಲವರಿಗೆ ಮಗು ಕೈಜಾರಿ ಬೀಳುವ ಹಾಗೆ, ಚಾಕು ತಗುಲುವ ಹಾಗೆ ಚಿತ್ರ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ. ಅವರು ಆ ಚಿತ್ರಕ್ಕೇ ಹೆದರಿ ಅಡುಗೆಮನೆಗೆ ಹೋಗುವುದಿಲ್ಲ. ಬಾಯಿ ಬಿಟ್ಟರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಅಂತ ಯಾರಿಗೂ ಹೇಳುವುದಿಲ್ಲ. ಇದಕ್ಕೆ ಚಿಕಿತ್ಸೆ ಇದೆ. ಪೂರ್ತಿ ಬೇರೆಯೇ ಆದ ಇನ್ನೊಂದಿದೆ: ಬಾಣಂತಿಗೆ ನಿದ್ದೆಯೇ ಬರದೆ, ಇಲ್ಲದ ದನಿ ಕೇಳಿಸಿ, ಇಲ್ಲದ್ದನ್ನು ಗಟ್ಟಿಯಾಗಿ ನಂಬಿಬಿಡುವುದು. 1000 ಹೆರಿಗೆಗೆ ಒಂದೋ ಎರಡೋ. ಅಂಥವರನ್ನು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಬೆಳಗಾಗಲಿ ಅಂತ ಕಾಯಬಾರದು. ಹೆರಿಗೆಯಲ್ಲೇ ಬೆದರಿ ಅದೇ ಕನಸು ಕಾಣುವವರಿದ್ದಾರೆ. ಮಗು ಉಳಿಯದೆ ಬರಿಗೈಯಲ್ಲಿ ಮನೆಗೆ ಬಂದವರಿದ್ದಾರೆ, ಅವರನ್ನು ಬಾಣಂತಿ ಅಂತ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆರಿಗೆಯಾದ 100 ಹೆಂಗಸರಲ್ಲಿ ಸುಮಾರು 13 ಜನರಿಗೆ ಮನಸ್ಸಿನ ಕಾಯಿಲೆ ಬರುತ್ತದೆ, ಅದರಲ್ಲಿ ಖಿನ್ನತೆಯೇ ಹೆಚ್ಚು. ಬಡ ದೇಶಗಳಲ್ಲಿ ಇದು 20ರ ಹತ್ತಿರ. ಇಷ್ಟು ಜನಕ್ಕೆ ನನ್ನೊಬ್ಬಳ ಅಳು ಹೇಗೆ ಸಾಲುತ್ತದೆ?

"ಬೇರೆಯವರ ಕಥೆಯನ್ನೂ ಸೇರಿಸಬಹುದಿತ್ತಲ್ಲ, ಬಿಡೋದು ಯಾಕೆ?" ಅನ್ನುತ್ತೀರಿ. ಸೇರಿಸಿದೆವು. ವರದಿಗಾರರು ಬಂದರೆ ಕ್ಯಾಮೆರಾ ನನ್ನ ಕಡೆಗೇ ತಿರುಗುತ್ತಿತ್ತು. ಸಿಟ್ಟಿನ ಕರೆಗಳನ್ನು ನನಗಿಂತ ಚೆನ್ನಾಗಿ ನಿಭಾಯಿಸುವ ಒಬ್ಬ ಹುಡುಗಿ ನಮ್ಮಲ್ಲಿದ್ದಾಳೆ. ಮೀಟಿಂಗಿನಲ್ಲಿ ಅವಳು ಒಂದು ಮಾತು ಹೇಳಿದರೆ, ಮುಗಿಯುವ ಮೊದಲೇ ಎಲ್ಲರ ಕತ್ತು ನನ್ನ ಕುರ್ಚಿಯ ಕಡೆ ಹೊರಳುತ್ತಿತ್ತು. ಅವಳೂ ನೋಡುತ್ತಿದ್ದಳು. ಸಲಹೆಗಾರ್ತಿ ಅಂತ ಉಳಿದರೂ ಕುರ್ಚಿ ಅಲ್ಲೇ ಇರುತ್ತದೆ. ಅದಕ್ಕೆ ಪೂರ್ತಿ ಎದ್ದು ಬಂದೆ. ಮಗಳೂ ಈಗ ದೊಡ್ಡವಳು. ಅವಳು ಹುಟ್ಟಿದ ಕಥೆ ಯಾರ ಮುಂದೆ ಹೇಳಬೇಕು ಅನ್ನೋದರಲ್ಲಿ ಅವಳಿಗೂ ಒಂದು ಮಾತಿದೆ.

ಎಡಿನ್‌ಬರ್ಗ್ ಪಟ್ಟಿ ಬಂದ ಅದೇ 1987ರಲ್ಲಿ ಅಮೆರಿಕದಲ್ಲಿ ಜೇನ್ ಹೊನಿಕ್‌ಮನ್ ಅವರು ಪೋಸ್ಟ್‌ಪಾರ್ಟಮ್ ಸಪೋರ್ಟ್ ಇಂಟರ್‌ನ್ಯಾಷನಲ್ ಎಂಬ ಬಾಣಂತಿಯರ ನೆರವಿನ ಸಂಸ್ಥೆ ಶುರು ಮಾಡಿದರು. ಈಗ ಅದನ್ನು ಬೇರೆಯವರು ನಡೆಸುತ್ತಿದ್ದಾರೆ, ಸಂಸ್ಥೆ ಇನ್ನೂ ಇದೆ. ನನಗೂ ಅದೇ ಆಸೆ.

ಯಾಕೆ ಬಿಟ್ರಿ ಅಂತ ಇಷ್ಟು ಜನ ಕೇಳಿದಿರಿ. "ಈಗ ಫೋನ್ ಯಾರು ಎತ್ತುತ್ತಾರೆ?" ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ಒಂದು ಕಾಲದಲ್ಲಿ ರಾತ್ರಿ ಕರೆ ನನ್ನ ಮೊಬೈಲಿಗೆ ಬರುತ್ತಿತ್ತು. ಈಗ ಪಾಳಿ ಇದೆ, ಒಬ್ಬರು ಬರೆದಿಟ್ಟದ್ದನ್ನು ಇನ್ನೊಬ್ಬರು ಓದಿ ಮುಂದುವರಿಸುತ್ತಾರೆ. ಕರೆ ಮಾಡಿದವರಿಗೆ ಕೇಳುವ ಎಡಿನ್‌ಬರ್ಗ್ ಪಟ್ಟಿಯ ಹತ್ತನೇ ಪ್ರಶ್ನೆ ತನಗೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂತಾ ಅನ್ನುವುದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನು ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಫೋನ್ ಇಡುವುದಿಲ್ಲ. ನೇರವಾಗಿ ಕೇಳುತ್ತಾರೆ. ಕೇಳಿದರೆ ಆ ಯೋಚನೆ ತಲೆಗೆ ಹೋಗುತ್ತದೆ ಅನ್ನೋದು ಸುಳ್ಳು, ಕೇಳಿದಾಗ ಎಷ್ಟೋ ಜನರಿಗೆ ಮನಸ್ಸು ಹಗುರಾಗುತ್ತದೆ. ಮನೆಯಲ್ಲಿ ಯಾರಿದ್ದಾರೆ ಅಂತ ತಿಳಿದು, ಅವರು ಬಂದು ಪಕ್ಕದಲ್ಲಿ ಕೂರುವವರೆಗೂ ಲೈನಿನಲ್ಲೇ ಇರುತ್ತಾರೆ. ಅಂಥ ಕರೆ ಮುಗಿಸಿದವರು ತಕ್ಷಣ ಇನ್ನೊಂದು ಕರೆ ಎತ್ತುವಂತಿಲ್ಲ. ಮೊದಲು ಹಿರಿಯರೊಬ್ಬರ ಹತ್ತಿರ ಕೂತು ಮಾತಾಡಬೇಕು.

ಹೊಸ ನಿರ್ದೇಶಕಿ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. "ಅವರಿಗೆ ಈ ಕಾಯಿಲೆಯ ಅನುಭವ ಇಲ್ಲವಲ್ಲ" ಅಂತ ಕೆಲವರು ತಕರಾರು ತೆಗೆದರು. ಹೆರಿಗೆಯಾದ ಮೂರನೇ ದಿನದ ಮುಖಗಳನ್ನು ಆಕೆ ನೋಡಿದಷ್ಟು ನಾನು ನೋಡಿಲ್ಲ. ರಾತ್ರಿ ಪಾಳಿಗೆ ಅವರಿಗೆ ಇನ್ನೂ ಜನ ಬೇಕು. ಪೋಸ್ಟರಿಗೆ, ಕಾರ್ಯಕ್ರಮಕ್ಕೆ ದುಡ್ಡು ಕೊಡುವವರು ಸಿಗುತ್ತಾರೆ, ಸಂಬಳಕ್ಕೆ ಅಂದರೆ ಹಿಂದೆ ಸರಿಯುತ್ತಾರೆ. ನನ್ನನ್ನು ಲಿಫ್ಟಿನಲ್ಲಿ ನಿಲ್ಲಿಸುವ ಬದಲು ಆಕೆಗೆ ಫೋನ್ ಮಾಡಿ, ಎಷ್ಟು ಜನ ಬೇಕು, ಎಷ್ಟು ದುಡ್ಡು ಕಡಿಮೆ ಬಿದ್ದಿದೆ ಅಂತ ಕೇಳಿ.