ಎರಡು ಗಂಟೆಗೊಮ್ಮೆ ಮಗ್ಗುಲು

ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ ಅಮ್ಮನನ್ನು ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಗೆ ಕರೆತರುವ ಹಿಂದಿನ ಸಂಜೆ, ವಾರ್ಡಿನ ಹಿರಿಯ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ಮನೇಲಿ ಯಾರು ನೋಡ್ಕೋತೀರಿ?" ಎಂದು ಕೇಳಿದರು. ನಾನು ಮತ್ತು ಅಪ್ಪ ಎಂದೆ. ಬೆಂಚಿನ ಮೇಲೆ ಔಷಧಿಯ ಚೀಲ ಹಿಡಿದು ಕುಳಿತಿದ್ದ 79 ವರ್ಷದ ಅಪ್ಪನತ್ತ ಒಮ್ಮೆ ನೋಡಿ, "ಹಗಲು ಆಯ್ತು, ರಾತ್ರಿ?" ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಪಾರ್ಶ್ವವಾಯು ಅಮ್ಮನ ಮೆದುಳಿನ ಎಡಭಾಗಕ್ಕೆ ಆಗಿತ್ತು. ಆದ್ದರಿಂದ ಬಲಗೈ, ಬಲಗಾಲು ಸೋತದ್ದಲ್ಲದೆ ಮಾತೂ ಹೋಗಿತ್ತು. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವರು ಈಗ ಏನು ಹೇಳಹೊರಟರೂ ಒಂದೇ ಶಬ್ದ ಬರುತ್ತಿತ್ತು. ನುಂಗುವ ಶಕ್ತಿ ಮರಳದ ಕಾರಣ ಮೂಗಿನ ನಳಿಕೆಯ ಮೂಲಕವೇ ಆಹಾರ, ಮೂತ್ರಕ್ಕೆ ಕ್ಯಾಥೆಟರ್. ಆ ಸಂಜೆ ಸಿಸ್ಟರ್ ಒಂದು ಗಂಟೆ ನನ್ನನ್ನು ಮಂಚದ ಬಳಿ ನಿಲ್ಲಿಸಿಕೊಂಡು ಒಂದೊಂದನ್ನೂ ಮಾಡಿಸಿದರು: ಆಹಾರ ಹಾಕುವ ಮೊದಲು ಸಿರಿಂಜಿನಿಂದ ಎಳೆದು ನಳಿಕೆ ಹೊಟ್ಟೆಯಲ್ಲೇ ಇದೆಯೇ ಎಂದು ನೋಡುವುದು, ತಲೆಯ ಭಾಗವನ್ನು ಎತ್ತರಿಸಿಯೇ ಗಂಜಿ ಹಾಕಿ ಆಮೇಲೂ ಅರ್ಧ ಗಂಟೆಯಾದರೂ ಹಾಗೆಯೇ ಕೂರಿಸುವುದು, ಮೂತ್ರದ ಚೀಲ ಸೊಂಟಕ್ಕಿಂತ ಮೇಲೆ ಬಾರದಂತೆ ಕಟ್ಟುವುದು, ಎಲ್ಲಕ್ಕಿಂತ ಮುಖ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಗಾಳಿ ಹಾಸಿಗೆ ತಂದಿದ್ದೇವೆಂದು ನಾನು ಹೇಳಿದಾಗ, ಹಾಸಿಗೆ ಇದ್ದರೂ ಮಗ್ಗುಲು ತಪ್ಪಿಸಿದರೆ ಬೆನ್ನಿನ ಕೆಳಗೆ ಹುಣ್ಣು ಏಳುತ್ತದೆ, ಎದ್ದ ಹುಣ್ಣು ಮಾಯಲು ತಿಂಗಳುಗಟ್ಟಲೆ ಬೇಕು ಎಂದು ಅವರು ಖಡಾಖಂಡಿತವಾಗಿ ಹೇಳಿದರು.

ಆ ರಾತ್ರಿಯೇ ಮನೆಗೆ ಜನ ಕಳುಹಿಸುವ ಏಜೆನ್ಸಿಗಳಿಗೆ ಫೋನ್ ಮಾಡತೊಡಗಿದೆ. ಮನೆಗೆ ಬಂದು ರೋಗಿಯನ್ನು ನೋಡಿಕೊಳ್ಳುವ ಎಲ್ಲರನ್ನೂ ಹೋಂ ನರ್ಸ್ ಎಂದು ಕರೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆ ಒಂದು ಪದದಿಂದ ನಾನು ಮೋಸಹೋದೆ. ನನ್ನ ಮಾತಿಗೆಲ್ಲ "ಹೌದು ಮೇಡಂ" ಎಂದ ಮೊದಲ ಏಜೆನ್ಸಿಯವರು ಮುಂಗಡ ಹಣ ಪಡೆದು, ಮರುದಿನ ಒಬ್ಬ ಹುಡುಗಿಯನ್ನು ಕಳುಹಿಸಿದರು. ಇಪ್ಪತ್ತರ ಆಸುಪಾಸಿನ ಆಕೆ ಬೆಳಗಿನ ಮೊದಲ ಬಸ್ಸಿಗೆ ಊರಿನಿಂದ ಹೊರಟು ಬಂದಿದ್ದಳು. ನಳಿಕೆಗೆ ಗಂಜಿ ಹಾಕಿ ಅಭ್ಯಾಸವಿದೆಯೇ ಎಂದು ಕೇಳಿದರೆ ಅಳುಮುಖ ಮಾಡಿಕೊಂಡು, "ಇಲ್ಲ ಅಕ್ಕಾ, ವಯಸ್ಸಾದವರಿಗೆ ಊಟ ಕೊಟ್ಟು ಜೊತೇಲಿರ್ಬೇಕು ಅಂತ ಕಳಿಸಿದ್ರು" ಎಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿದ ಆ ಹುಡುಗಿಗೆ ನಾನು ಋಣಿ. ಅವಳು ಸುಳ್ಳು ಹೇಳಿ ಮಂಚದ ಬಳಿ ನಿಂತಿದ್ದರೆ ಗಂಜಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿತ್ತು. ಅವಳಿಗೆ ತಿಂಡಿ ಕೊಟ್ಟು, ಆ ದಿನದ ಕೂಲಿ ಮತ್ತು ಬಸ್ಸಿನ ಹಣ ಕೊಟ್ಟು ಕಳುಹಿಸಿದೆವು. ಏಜೆನ್ಸಿಯಿಂದ ಮುಂಗಡ ವಾಪಸು ಬರಲಿಲ್ಲ.

ಮತ್ತೆ ಸಿಸ್ಟರನ್ನೇ ಕೇಳಿದಾಗ ಅವರು ಬಿಡಿಸಿ ಹೇಳಿದರು. ನರ್ಸಿಂಗ್ ಓದಿದವರು ಬೇರೆ, ಆರೈಕೆಯ ತರಬೇತಿ ಪಡೆದ ಸಹಾಯಕಿಯರು ಬೇರೆ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿದವರು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿರುತ್ತಾರೆ. ಅವರ ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚಪಡಬಾರದು. ಕ್ಯಾಥೆಟರ್, ನಳಿಕೆ ಬದಲಿಸುವುದು ಅವರ ಕೆಲಸ, ಅದಕ್ಕೆ ಅವರು ದಿನವೂ ಬೇಕಿಲ್ಲ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಕಲಿಸಿಕೊಟ್ಟಂತೆ ಗಂಜಿ ಹಾಕುವುದು ಅನುಭವವಿರುವ ಸಹಾಯಕಿಯಿಂದ ಆಗುತ್ತದೆ. ಹೀಗೆ ನಮ್ಮ ಏರ್ಪಾಡು ರೂಪುಗೊಂಡಿತು: ಮನೆಯಲ್ಲೇ ಇರುವ ಒಬ್ಬ ಸಹಾಯಕಿ, ವಾರಕ್ಕೊಮ್ಮೆ ಬರುವ ನರ್ಸ್, ವಾರಕ್ಕೆ ಮೂರು ದಿನ ಫಿಜಿಯೋಥೆರಪಿಯವರು. ಈ ಸಲ ಹಣ ಕೊಡುವ ಮೊದಲೇ, ಬರುವಾಕೆಯೊಂದಿಗೆ ನೇರವಾಗಿ ಫೋನಿನಲ್ಲಿ ಮಾತಾಡಿಸಬೇಕೆಂದು ಹಟ ಹಿಡಿದೆ. ಆಧಾರ್ ಪ್ರತಿ, ಪೊಲೀಸ್ ಪರಿಶೀಲನೆಯ ಪತ್ರ, ಆಕೆ ರಜೆ ಹಾಕಿದರೆ ಎಷ್ಟು ಹೊತ್ತಿನೊಳಗೆ ಬದಲಿ ಬರುತ್ತಾರೆ ಎಂಬುದನ್ನೆಲ್ಲ ಬರವಣಿಗೆಯಲ್ಲಿ ಪಡೆದೆ. ತಿಂಗಳಿಗೆ 26,000 ರೂಪಾಯಿ. ಅದರಲ್ಲಿ ಆಕೆಯ ಕೈ ಸೇರುವುದು 18,000 ಎಂದು ಆಮೇಲೆ ತಿಳಿದಾಗ, ಮಗ್ಗುಲು ಬದಲಿಸುವ ಕೈಗಳಿಗೆ ಇಷ್ಟು ಕಡಿಮೆಯೇ ಎಂದು ಬಹಳ ಬೇಸರವಾಯಿತು.

ಆಕೆ ಬಂದದ್ದು ಗುರುವಾರ ಮಧ್ಯಾಹ್ನ. ಹೆಗ್ಗಡದೇವನಕೋಟೆಯ ಕಡೆಯವರು, ನಲವತ್ತು ದಾಟಿದವರು. ಕೈಕಾಲು ತೊಳೆದು ನೇರ ಅಮ್ಮನ ಮಂಚದ ಬಳಿ ಹೋಗಿ, ಹೊದಿಕೆ ಸರಿಸಿ ಮೊದಲು ನೋಡಿದ್ದು ಹಿಮ್ಮಡಿಗಳನ್ನು. ಬಲ ಹಿಮ್ಮಡಿಯಲ್ಲಿ ನಾನು ಗಮನಿಸದೇ ಇದ್ದ ಕೆಂಪು ಕಲೆಯೊಂದಿತ್ತು. ಅದನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವರ್ನ ಏನಂತ ಕೂಗ್ಲಿ ಅಕ್ಕ? ಅಜ್ಜಿ ಅನ್ಲಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಬಾಗಿಲಿನಿಂದ, "ಟೀಚರ್ ಅನ್ನಮ್ಮ, ಬೀದೀಲಿ ಎಲ್ರೂ ಹಾಗೇ ಕರೀತಿದ್ರು" ಎಂದರು. "ಟೀಚರೇ, ಈಗ ಎಡಕ್ಕೆ ತಿರುಗ್ತೀವಿ" ಎಂದು ಆಕೆ ಹೇಳಿದಾಗ ಅಮ್ಮನ ಎಡಗೈ ಮಂಚದ ಕಂಬಿಯನ್ನು ಹಿಡಿಯಿತು. ಆಸ್ಪತ್ರೆಯಲ್ಲಿ ಅಷ್ಟು ದಿನ ಅಮ್ಮನನ್ನು ತಿರುಗಿಸಿದವರು ಬಹಳ ಜನ. ತಿರುಗಿಸುತ್ತೇವೆಂದು ಮೊದಲೇ ಹೇಳಿದವರನ್ನು ನಾನು ನೋಡಿರಲಿಲ್ಲ.

ರಾತ್ರಿಯ ಮಾತು ಬಂದಾಗ ನಮ್ಮ ಕರಾರಿನ ದೊಡ್ಡ ದೋಷ ಕಣ್ಣಿಗೆ ಬಿತ್ತು. ಅದರಲ್ಲಿ 24 ಗಂಟೆಯ ಸೇವೆ ಎಂದು ಬರೆದಿತ್ತು. ನಾನೂ ಅದಕ್ಕೆ ಸಹಿ ಹಾಕಿದ್ದೆ. ಆದರೆ ಎರಡು ಗಂಟೆಗೊಮ್ಮೆ ಏಳುವ ಮನುಷ್ಯರು ಯಾವಾಗ ನಿದ್ದೆ ಮಾಡಬೇಕು? ಹಿಂದಿನ ಮನೆಯಲ್ಲಿ ಐದು ತಿಂಗಳು ಒಬ್ಬರೇ ಎದ್ದು ಎದ್ದು, ಒಂದು ದಿನ ಸ್ನಾನದ ಮನೆಯಲ್ಲಿ ತಲೆ ತಿರುಗಿ ಬಿದ್ದದ್ದನ್ನು ಆಕೆ ದೂರಿನ ದನಿಯೇ ಇಲ್ಲದೆ ಹೇಳಿದರು. ಆ ರಾತ್ರಿಯೇ ಗಂಟೆಗಳನ್ನು ಹಂಚಿಕೊಂಡೆವು. ಹತ್ತಕ್ಕೆ ಮಗ್ಗುಲು ಬದಲಿಸಿ ಆಕೆ ಮಲಗುವುದು, ಹನ್ನೆರಡು ಮತ್ತು ಎರಡು ಗಂಟೆಯದು ನನ್ನದು, ನಾಲ್ಕು ಮತ್ತು ಆರು ಮತ್ತೆ ಆಕೆಯದು. ಮಧ್ಯಾಹ್ನ ಎರಡು ಗಂಟೆ ಆಕೆಯನ್ನು ಯಾರೂ ಕರೆಯಬಾರದು. ಒಬ್ಬಳೇ ಹೇಗೆ ತಿರುಗಿಸಲಿ ಎಂದಾಗ, ಹಳೆಯ ಹತ್ತಿ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಅಮ್ಮನ ಭುಜದಿಂದ ತೊಡೆಯವರೆಗೆ ಅಡ್ಡಲಾಗಿ ಹಾಸಿ, ಮೊಣಕಾಲು ಮಡಿಸಿ, ಸೀರೆಯ ಅಂಚು ಹಿಡಿದು ನನ್ನ ಕಡೆಗೆ ಎಳೆದುಕೊಳ್ಳುವುದನ್ನು ಕಲಿಸಿದರು. ಸೋತ ಕೈಯನ್ನು ಹಿಡಿದು ಎಳೆದರೆ ಭುಜದ ಕೀಲು ಜಾರೀತು, ಅದನ್ನು ಮಾತ್ರ ಎಂದೂ ಮಾಡಬೇಡಿ ಎಂದು ಎರಡು ಸಲ ಹೇಳಿದರು.

ಸಂಬಳಕ್ಕೆ ಜನ ಇಟ್ಟು ತಾಯಿಯನ್ನು ನೋಡಿಸುತ್ತಿದ್ದಾಳೆ ಎಂದು ನೆಂಟರಲ್ಲಿ ಒಬ್ಬರು ಅಂದದ್ದು ಕಿವಿಗೆ ಬಿತ್ತು. ನೋಯಿತು, ನಿಜ. ಆದರೆ ನನಗೆ ಆ ಹಿಮ್ಮಡಿಯ ಕೆಂಪು ಕಲೆ ಕಂಡಿರಲಿಲ್ಲವೆಂಬುದೂ ಅಷ್ಟೇ ನಿಜ.

ಗಂಟೆಗಳ ಲೆಕ್ಕ ತಪ್ಪದಿರಲೆಂದು ನಾನು ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿಟ್ಟಿದ್ದೆ: ಸಮಯ, ಮಗ್ಗುಲು, ಗಂಜಿ ಎಷ್ಟು, ಮೂತ್ರ ಎಷ್ಟು, ಬಿಪಿ, ಮಾತ್ರೆ. ಏಳನೇ ತರಗತಿಯವರೆಗೆ ಓದಿದ್ದ ಆಕೆ ಒಂದೊಂದೇ ಅಕ್ಷರ ಕೂಡಿಸಿ ಬರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ತೆರೆದು ನೋಡಿದೆ. ನಾಲ್ಕು ಗಂಟೆಯ ಸಾಲಿನಲ್ಲಿ, ನಾನು ಹಾಕಿದ್ದ ಗೆರೆಗಳನ್ನು ದಾಟಿ ಹಾಳೆಯ ಅಂಚಿನವರೆಗೆ ಹೀಗಿತ್ತು: "ಎಡ ಮಗ್ಗುಲು. ಟೀಚರ್ ಎಚ್ರ ಇದ್ರು. ಸೊಲ್ಪ ಹೊತ್ತು ಮಾತಾಡುಸ್ದೆ."