ಹಕ್ಕಿಗೆ ಕಾಳು, ಜೊತೆಗೆ ನೀರು

ಹೋಳಿ ಹುಣ್ಣಿಮೆ ಮುಗಿದ ಕೆಲವೇ ದಿನಕ್ಕೆ ಕಲಬುರಗಿಯಲ್ಲಿ ಸಂತ ಶರಣಬಸವೇಶ್ವರರ ತೇರು. ಜಾತ್ರೆ ಹತ್ತಿರ ಬಂದಾಗಲೆಲ್ಲ ನನಗೆ ಶರಣರ ಹೊಲದ ಕಥೆ ನೆನಪಾಗುತ್ತದೆ.

ಕಲಬುರಗಿ ಜಿಲ್ಲೆಯ ಅರಳಗುಂಡಗಿ ಅವರ ಊರು. ಒಕ್ಕಲುತನದ ಮನೆ. ಜೋಳ ತೆನೆ ಕಟ್ಟಿದಾಗ ಎಲ್ಲರೂ ಅಟ್ಟಣೆ ಹತ್ತಿ, ಕವಣೆ ಬೀಸಿ ಹಕ್ಕಿ ಓಡಿಸುತ್ತಾರಲ್ಲ, ಇವರು ಹಕ್ಕಿಗಳನ್ನು ತಿನ್ನಲು ಬಿಟ್ಟು, ಕುಡಿಯಲು ನೀರೂ ಇಟ್ಟರಂತೆ. ಆದರೂ ಆ ವರ್ಷ ಅವರ ಹೊಲದಲ್ಲೇ ಬೆಳೆ ಜಾಸ್ತಿ ಬಂತು ಎಂದು ಹೇಳುತ್ತಾರೆ. ನನಗೆ ಆ ಪವಾಡಕ್ಕಿಂತ ನೀರು ಇಟ್ಟಿದ್ದೇ ದೊಡ್ಡದು. ಕಾಳು ತಿಂದ ಹಕ್ಕಿಗೆ ಬಾಯಾರುತ್ತದೆ ಅಂತ ಯೋಚಿಸಿದವರು, ಅದು ಯಾರ ಹಕ್ಕಿ, ದುಡಿದು ತಿನ್ನಬಾರದಾ ಅಂತ ಕೇಳಲಿಲ್ಲ. ಮುಂದೆ ಕಲಬುರಗಿಗೆ ಬಂದು, 1822ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ನಡೆಸಿದ್ದು ದಾಸೋಹವನ್ನೇ.

ತೇರಿನ ದಿನ ಶರಣರದೆಂದು ಪೂಜಿಸುವ ಪರುಷ ಬಟ್ಟಲು ತೋರಿಸುತ್ತಾರೆ. ಅದನ್ನು ನೋಡಲು ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲುತ್ತೇವೆ, ಕೈ ಮುಗಿಯುತ್ತೇವೆ. ಹೊರಗೆ ಬಂದರೆ ದಾರಿ ಬದಿಯಲ್ಲಿ ಇನ್ನೊಬ್ಬ ಬಟ್ಟಲು ಹಿಡಿದು ಕೂತಿರುತ್ತಾನೆ, ಆಗ ಶುರುವಾಗುತ್ತದೆ ನಮ್ಮ ವಿಚಾರಣೆ: ಗಟ್ಟಿಮುಟ್ಟಾಗಿದ್ದಾನೆ, ಕುಡಿಯುತ್ತಾನೇನೋ, ಇದೆಲ್ಲ ನಾಟಕ ಅಲ್ವಾ! ಹುಂಡಿಗೆ ಐನೂರು ಹಾಕಿ ಲೆಕ್ಕ ಕೇಳದ ನಮಗೆ ಇವನ ಹತ್ತು ರೂಪಾಯಿಗೆ ಲೆಕ್ಕ ಬೇಕು. ಸುಳ್ಳು ಹೇಳುವವರು ಇರುವುದಿಲ್ಲವೇ? ಖಂಡಿತ ಇರುತ್ತಾರೆ. ಆದರೆ ಮುಖ ನೋಡಿ ಹಸಿವು ಅಳೆಯುವುದು ನನಗಂತೂ ಬರುವುದಿಲ್ಲ, ಬರುತ್ತದೆ ಅನ್ನುವವರನ್ನೂ ನಂಬುವುದಿಲ್ಲ.

ಮಕ್ಕಳ ವಿಷಯ ಮಾತ್ರ ಬೇರೆ. ಕೆಲವು ಕಡೆ ದೊಡ್ಡವರೇ ಅವರನ್ನು ಬೇಡಲು ಕಳಿಸಿ ದುಡ್ಡು ಕಿತ್ತುಕೊಳ್ಳುತ್ತಾರೆ. ಹಾಗಾಗಿ ಮಕ್ಕಳ ಕೈಗೆ ದುಡ್ಡು ಕೊಡುವುದಿಲ್ಲ, ಬಾಳೆಹಣ್ಣೋ ಬಿಸ್ಕತ್ತೋ ಕೊಟ್ಟು ಅಲ್ಲೇ ತಿನ್ನಿಸುತ್ತೇನೆ. ಇದು ಅನುಮಾನ ಅಲ್ಲವಾ ಅಂತ ಕೇಳಬಹುದು. ಅನುಮಾನವೇ, ಆದರೆ ಮಗುವಿನ ಮೇಲಲ್ಲ.

ಈಗ ಹೊಸದೊಂದು ನೆಪ ಬಂದಿದೆ, ಫೋನ್‌ಪೇ ಬಂದ ಮೇಲೆ ಯಾರ ಜೇಬಲ್ಲೂ ಚಿಲ್ಲರೆ ಇರುವುದಿಲ್ಲ. ಜಾತ್ರೆಗೆ ಹೊರಡುವವರು ಹಿಂದಿನ ದಿನವೇ ನೂರರ ನೋಟು ಮುರಿಸಿ ಹತ್ತರ ನೋಟು ಮಾಡಿಕೊಳ್ಳಿ. ಕಾಯಿ, ಕರ್ಪೂರ, ಊದುಬತ್ತಿ ಇಡುವ ಚೀಲದಲ್ಲೇ ಇಟ್ಟುಕೊಂಡರೆ ಮರೆಯುವುದಿಲ್ಲ.